ನೆಲ ಬೆವರೋದು ಯಾಕೆ, ಯಾವ ಹಾಸು ತಡೆಯುತ್ತೆ?

ಬೇಸಿಗೇಲಿ ಈ ಅಂಕಣಕ್ಕೆ ಬರೋ ಪತ್ರಗಳೆಲ್ಲ ಎಲಿವೇಷನ್ನು, ಪೇಂಟು, ಮಾಡ್ಯುಲರ್ ಕಿಚನ್ನಿನ ಬಗ್ಗೆ. ಜೂನ್ ಕಾಲಿಟ್ತು ಅಂದ್ರೆ ಮುಗೀತು, ನೆಲ ಒದ್ದೆ, ಗೋಡೆ ಬುಡ ಒದ್ದೆ, ಮ್ಯಾಟ್ ಎತ್ತಿದ್ರೆ ಬೂಷ್ಟು. ಈ ಸಲ ಬಂದ ಪತ್ರಗಳಲ್ಲಿ ಐದನ್ನ ಇಲ್ಲಿ ತಗೊಂಡಿದ್ದೀನಿ. ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೀನಿ.

ಪ್ರಶ್ನೆ (ಕುಂದಾಪುರ): ನಮ್ಮ ಹಳೇ ಮನೆಯ ಪಕ್ಕದಲ್ಲೇ ಹೊಸ ಮನೆ ಕಟ್ಟಿಸ್ತಾ ಇದ್ದೇವೆ, ಪಂಚಾಂಗ (ಅಡಿಪಾಯ) ಮುಗಿದು ಮಣ್ಣು ಭರ್ತಿ ಆಗ್ತಾ ಉಂಟು. ಹಳೇ ಮನೆಯಲ್ಲಿ ಮಳೆಗಾಲ ಪೂರ್ತಿ ನೆಲದ ಮೇಲೆ ನೀರು ಚೆಲ್ಲಿದ ಹಾಗೆ ಇರ್ತದೆ, ಹೋದ ವರ್ಷ ಮಗಳು ಜಾರಿ ಬಿದ್ದಳು. ಅತ್ತೆಯವರು ಕಾವಿ (ರೆಡ್ ಆಕ್ಸೈಡ್) ನೆಲವೇ ಆಗಬೇಕು ಅಂತಾರೆ, ಇವರಿಗೆ ಮುಖ ಕಾಣುವಂಥ ವಿಟ್ರಿಫೈಡ್ ಟೈಲ್ಸ್ ಬೇಕು, ದುಬೈಲಿರುವ ಮೈದುನ ಮರದ್ದು ಹಾಕಿ ಅಂತಾನೆ. ಬೆವರದ ನೆಲ ಯಾವುದು ಸರ್?

ಉತ್ತರ: ಬೆವರದ ನೆಲ ಅಂತ ಅಂಗಡೀಲಿ ಯಾವುದೂ ಸಿಗಲ್ಲ ಅಮ್ಮ, ಯಾರಾದ್ರೂ ಇದೆ ಅಂದ್ರೆ ಅವರ ಹತ್ರ ಸ್ಟಾಕ್ ಜಾಸ್ತಿ ಇದೆ ಅಂತ ಅರ್ಥ. ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹೊರಗೆ ಹನಿ ಕೂರುತ್ತಲ್ಲ, ನೆಲದ ಬೆವರೂ ಅದೇ. ಗಾಳಿ 27 ಡಿಗ್ರಿ ಇದ್ದು ತೇವಾಂಶ ಶೇ. 90 ಇದ್ರೆ, ಹೆಚ್ಚೂ ಕಡಿಮೆ 25 ಡಿಗ್ರಿಗೆ ತಣ್ಣಗಾದ ಯಾವ ವಸ್ತು ಸಿಕ್ಕಿದ್ರೂ ಆ ಗಾಳಿ ನೀರು ಬಿಡುತ್ತೆ. ಎರಡು ದಿನ ಜಡಿಮಳೆ ಹೊಡೆದು ನೆಲ ತಣ್ಣಗಾಗಿರುತ್ತೆ, ಮಧ್ಯಾಹ್ನ ಒಂದು ಗಳಿಗೆ ಬಿಸಿಲು ಬಂತು ಅಂತ ನಾವು ಖುಷೀಲಿ ಕಿಟಕಿ ಬಾಗಿಲೆಲ್ಲ ತೆಗೀತೀವಿ, ಬೆಚ್ಚಗಿನ ಒದ್ದೆ ಗಾಳಿ ಒಳಗೆ ನುಗ್ಗುತ್ತೆ, ಅರ್ಧ ಗಂಟೇಲಿ ಹಾಲ್ ತುಂಬ ಪಸೆ. ಅಂಥ ಹೊತ್ತಲ್ಲಿ ಕಿಟಕಿ ಹಾಕಿ ಫ್ಯಾನ್ ಬಿಡಬೇಕು, ನಾವು ಮಾಡೋದು ಉಲ್ಟಾ.

ಆದ್ರೆ ನಿಮ್ಮ ಹಳೇ ಮನೇದು ಬರೀ ಗಾಳಿಯ ನೀರೋ, ಅಡಿಯಿಂದ ಬರ್ತಿರೋದೋ ಅಂತ ಗೊತ್ತಾಗದೆ ಹೊಸದಕ್ಕೆ ಹಾಸು ಆರಿಸೋದು ಕಣ್ಣು ಕಟ್ಟಿ ಚಿನ್ನ ಕೊಂಡ ಹಾಗೆ. ಎರಡೂ ಮನೆ ಒಂದೇ ಜಾಗದಲ್ಲಿರೋದು ನಿಮ್ಮ ಅದೃಷ್ಟ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತಗೊಂಡು, ಹಳೇ ಮನೆ ನೆಲವನ್ನ ಒಂದು ಕಡೆ ಚೆನ್ನಾಗಿ ಒರೆಸಿ ಒಣಗಿಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಮೇಲೆ ಹನಿ ಕಂಡ್ರೆ ಗಾಳಿಯದ್ದು, ಕೆಳಗೆ ಹನಿ ಕಂಡ್ರೆ ಅಥವಾ ಅಲ್ಲಿ ನೆಲದ ಬಣ್ಣ ಗಾಢ ಆಗಿದ್ರೆ ಮಣ್ಣಿನಿಂದ ಏರ್ತಿರೋದು. ಎರಡೂ ಕಡೆ ಇದ್ರೆ ಆಶ್ಚರ್ಯ ಬೇಡ, ಕರಾವಳೀಲಿ ಅದು ಮಾಮೂಲು. ಮೂರನೇದು ಒಂದಿದೆ, ಉಪ್ಪಿನ ಹೊಯ್ಗೆ, ಅಂದ್ರೆ ಉಪ್ಪು ಸೇರಿದ ಮರಳು. ಅಳಿವೆ ಹತ್ರದ ಹೊಯ್ಗೆಯಲ್ಲಿ ಗಾರೆ ಕಲಸಿದ್ರೆ ಆ ಉಪ್ಪು ಗಾಳಿಯಲ್ಲಿನ ತೇವವನ್ನ ಎಳ್ಕೊಂಡು ಕೂರುತ್ತೆ, ಮೇಲೆ ಯಾವ ಹಾಸು ಹಾಕಿದ್ರೂ ಕಾಟ ಕೊಡುತ್ತೆ, ಹಾಗಾಗಿ ಲೋಡ್ ಇಳಿಸುವಾಗಲೇ ಒಂಚೂರು ನಾಲಿಗೆಗೆ ಮುಟ್ಟಿಸಿ ನೋಡಿ, ನಗಬೇಡಿ, ನಾನು ಈಗಲೂ ಮಾಡ್ತೀನಿ.

ಅಡಿಯ ನೀರನ್ನ ತಡೆಯೋ ಅವಕಾಶ ನಿಮಗೆ ಈಗ ಮಾತ್ರ ಇದೆ, ಕಾಂಕ್ರೀಟ್ ಬಿದ್ದ ಮೇಲೆ ಇಲ್ಲ. ಭರ್ತಿ ಮಣ್ಣನ್ನ ಒಂದೇ ಸಲ ಸುರಿಯದೆ ಪದರ ಪದರವಾಗಿ ನೀರು ಹಾಕಿ ಬಡಿಸಿ, ಮೇಲೆ ಕಲ್ಲಿನ ಸೋಲಿಂಗ್ (ಒತ್ತಾಗಿ ಜೋಡಿಸಿದ ಕಲ್ಲಿನ ಪದರ), ಅದರ ಮೇಲೆ ತೆಳ್ಳಗೆ ಹೊಯ್ಗೆ ಹರಡಿ 250 ಮೈಕ್ರಾನ್ ಪ್ಲಾಸ್ಟಿಕ್ ಶೀಟ್ ಹಾಸಿ, ಜಾಯಿಂಟ್ ಬಂದಲ್ಲಿ ಅರ್ಧ ಅಡಿಗೆ ಕಮ್ಮಿ ಇಲ್ಲದ ಹಾಗೆ ಒಂದರ ಮೇಲೊಂದು ಬರಲಿ, ಆಮೇಲೆ ಕಾಂಕ್ರೀಟ್. ಶೀಟನ್ನ ಗೋಡೆ ಅಂಚಿಗೆ ಮೇಲಕ್ಕೆ ಮಡಚಬೇಕು, ಮೇಸ್ತ್ರಿಗಳು ಬಿಡೋದು ಇದೊಂದನ್ನೇ. ನಿಮ್ಮ ಕಡೆ ಗೋಡೆ ಮುರಕಲ್ಲಿಂದು, ಅದು ಸ್ಪಂಜಿನ ಹಾಗೆ ನೀರು ಕುಡಿಯುತ್ತೆ, ಅದಕ್ಕೇ ಪಂಚಾಂಗದ ಮೇಲೆ ಡಿಪಿಸಿ ಪಟ್ಟಿ, ಅಂದ್ರೆ ತೇವ ಮೇಲೇರದ ಹಾಗೆ ತಡೆಯೋ ಒಂದೂವರೆ ಎರಡು ಇಂಚು ದಪ್ಪದ ಕಾಂಕ್ರೀಟು, ವಾಟರ್‌ಪ್ರೂಫಿಂಗ್ ಪುಡಿ ಸೇರಿಸಿದ್ದು, ಗೋಡೆ ಉದ್ದಕ್ಕೂ ಎಲ್ಲೂ ತುಂಡಾಗದೆ ಹೋಗಬೇಕು.

ಈಗ ಮನೆಯ ಮೂರು ಪಕ್ಷದ ವಿಚಾರ. ನಿಮ್ಮ ಯಜಮಾನರ ವಿಟ್ರಿಫೈಡ್ ಟೈಲ್ಸ್ ನೀರು ಹೀರೋದು ಶೇ. 0.5ಕ್ಕಿಂತ ಕಮ್ಮಿ, ಟೈಲ್ ಹಾಳಾಗಲ್ಲ, ಅದು ಸರಿ. ಆದ್ರೆ ಹೀರದೆ ಇರೋದ್ರಿಂದಲೇ ಬೆವರಿನ ಪ್ರತಿ ಹನಿಯೂ ಮೇಲೆ ನಿಲ್ಲುತ್ತೆ, ಪಾಲಿಶ್ ಇದ್ರಂತೂ ಮಗುಗೂ ಅತ್ತೆಯವರಿಗೂ ಜಾರುಬಂಡಿ. ಅದೇ ವಿಟ್ರಿಫೈಡ್‌ನಲ್ಲಿ ಮ್ಯಾಟ್ ಫಿನಿಶ್, ಅಂದ್ರೆ ಹೊಳಪಿಲ್ಲದ್ದು, ತಗೊಳ್ಳಿ, ಮುಖ ನೋಡ್ಕೊಳ್ಳೋಕೆ ಕನ್ನಡಿ ಇದೆಯಲ್ಲ. ಅತ್ತೆಯವರ ಕಾವಿ ನೆಲ ನನ್ನ ಮನಸ್ಸಿಗೂ ಹತ್ರ, ಬರಿಗಾಲಿಗೆ ಅದರ ಸುಖವೇ ಬೇರೆ, ಆದ್ರೆ ಅದೂ ಬೆವರುತ್ತೆ, ಜೊತೆಗೆ ಕೈ ಪಳಗಿದ ಗಾರೆ ಮೇಸ್ತ್ರಿ ಸಿಗಬೇಕು. ದೊಡ್ಡ ಹಾಲ್‌ಗೆ ಒಂದೇ ಹಾಸು ಎಳೆದ್ರೆ ಬಿರುಕು ಗ್ಯಾರಂಟಿ, ನಡುವೆ ಪಟ್ಟಿ ಕೊಟ್ಟು ಭಾಗ ಮಾಡ್ಬೇಕು, ವಾರಕ್ಕೆ ಕಮ್ಮಿ ಇಲ್ಲದೆ ನೀರುಣಿಸಬೇಕು, ಅಷ್ಟು ದಿನ ಯಾರೂ ಕಾಲಿಡಬಾರದು. ಒಳ್ಳೇ ಮೇಸ್ತ್ರಿ ಗೊತ್ತಿದ್ರೆ ದೇವರ ಕೋಣೆಗೂ ಚಾವಡಿಗೂ ಕಾವಿ ಹಾಕಿಸಿ, ಉಳಿದ ಕಡೆ ಮ್ಯಾಟ್ ಟೈಲ್ಸ್. ಮೈದುನನಿಗೆ ತೀರ್ಥಹಳ್ಳಿಯ ಪತ್ರ ಕಳಿಸಿ, ಕೆಳಗಿದೆ.

ಪ್ರಶ್ನೆ (ಬೆಂಗಳೂರು): ಗ್ರೌಂಡ್ ಫ್ಲೋರ್ ಫ್ಲಾಟ್. ಟೈಲ್ಸ್ ಸಂದಿಯಲ್ಲಿ ಬಿಳೀ ಪುಡಿ ಏಳ್ತಾ ಇದೆ, ಗುಡಿಸಿದ್ರೆ ಮತ್ತೆ ಬರುತ್ತೆ. ಸಂದಿ ತುಂಬೋ ಎಪಾಕ್ಸಿ ಗ್ರೌಟ್ ಹಾಕಿದ್ರೆ ನಿಲ್ಲುತ್ತೆ ಅಂತ ಒಬ್ರು ಕೊಟೇಶನ್ ಕೊಟ್ಟಿದ್ದಾರೆ, ಹಾಕಿಸ್ಲಾ?

ಉತ್ತರ: ಸದ್ಯಕ್ಕೆ ಬೇಡ. ಆ ಪುಡಿ ಉಪ್ಪು, ಅಡಿಯಲ್ಲಿರೋ ನೀರು ಸಿಮೆಂಟಿನ ಉಪ್ಪನ್ನ ಕರಗಿಸ್ಕೊಂಡು ಸಂದಿಯಿಂದ ಮೇಲೆ ಬಂದು ಒಣಗಿದಾಗ ಉಳಿಯೋದು. ಎಪಾಕ್ಸಿ ಸಂದಿ ಮುಚ್ಚುತ್ತೆ ನಿಜ, ಆದ್ರೆ ಅಡಿಯ ನೀರು ಎಲ್ಲಿ ಹೋಗ್ಬೇಕು? ಗೋಡೆಗೆ ಹೋಗುತ್ತೆ, ಆರು ತಿಂಗಳಲ್ಲಿ ಸ್ಕರ್ಟಿಂಗ್ ಮೇಲೆ ಪೇಂಟ್ ಉಬ್ಬುತ್ತೆ, ಆಗ ಅದೇ ಮನುಷ್ಯ ಗೋಡೆಗೆ ಇನ್ನೊಂದು ಕೊಟೇಶನ್ ಹಿಡ್ಕೊಂಡು ಬರ್ತಾನೆ.

ಮೊದ್ಲು ಪೈಪು ನೋಡಿ. ನಿಮ್ಮ ಫ್ಲಾಟ್‌ಗೆ ಬೇರೆ ಮೀಟರ್ ಇದ್ರೆ ರಾತ್ರಿ ಎಲ್ಲ ನಲ್ಲಿ ಮುಚ್ಚಿ ರೀಡಿಂಗ್ ಬರೆದಿಟ್ಟು ಬೆಳಿಗ್ಗೆ ಯಾರೂ ನೀರು ಮುಟ್ಟೋ ಮುಂಚೆ ಮತ್ತೆ ನೋಡಿ, ಓಡಿದ್ರೆ ಲೀಕ್ ಇದೆ. ಮೀಟರ್ ಓಡಿಲ್ಲ ಅಂದ್ರೂ ಡ್ರೈನ್ ಪೈಪ್ ಒಡೆದಿರಬಹುದು, ಮೀಟರಿಗೆ ಅದು ಗೊತ್ತಾಗಲ್ಲ. ಪುಡಿ ಬಾತ್‌ರೂಮಿನ ಪಕ್ಕದ ಗೋಡೆ ಸಾಲಲ್ಲೇ ಜಾಸ್ತಿ ಇದ್ರೆ ಅನುಮಾನ ಅಲ್ಲಿಗೇ. ಇಡೀ ಮನೇಲಿ ಒಂದೇ ಸಮ ಇದ್ರೆ ಮಣ್ಣಿಂದ. ಆಮೇಲೆ ಒಂದು ರೂಪಾಯಿ ನಾಣ್ಯದಲ್ಲಿ ಟೈಲ್ಸ್ ಕುಟ್ಟುತ್ತಾ ಹೋಗಿ, ಡಬ್ ಡಬ್ ಅಂತ ಟೊಳ್ಳು ಸದ್ದು ಬರೋ ಟೈಲಿನ ಅಡಿ ಗಾರೆ ತುಂಬಿಲ್ಲ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಉಂಡೆ ಇಟ್ಟು ಕೂರಿಸಿರ್ತಾರೆ, ಆ ಖಾಲಿ ಜಾಗದಲ್ಲಿ ನೀರು ಕೆರೆ ಕಟ್ಟುತ್ತೆ.

ಟೈಲ್ಸ್ ಕಿತ್ತು ಹಾಕಿಸೋ ಪರಿಸ್ಥಿತಿ ಬಂದ್ರೆ, ಹೊಸದನ್ನ ಬರೀ ಸಿಮೆಂಟ್ ಹಾಲಲ್ಲಿ ಅಂಟಿಸಬೇಡಿ. ವಿಟ್ರಿಫೈಡ್ ನೀರು ಕುಡಿಯಲ್ಲ ಅಂದ್ನಲ್ಲ, ಸಿಮೆಂಟ್ ಹಾಲನ್ನೂ ಕುಡಿಯಲ್ಲ, ಹಾಗಾಗಿ ಹಿಡಿತ ಕಮ್ಮಿ. ಚೀಲದ ಮೇಲೆ ಐಎಸ್ 15477 ಅಂತ ಇರೋ ಟೈಲ್ ಅಡ್ಹೆಸಿವ್ ತರಿಸಿ, ಹಲ್ಲಿನ ಕರಣೆಯಲ್ಲಿ ಪೂರ್ತಿ ಎಳೆಸಿ.

ಪ್ರಶ್ನೆ (ತೀರ್ಥಹಳ್ಳಿ): ಮೂರು ವರ್ಷದ ಹಿಂದೆ ಬೆಡ್‌ರೂಮಿಗೆ ಲ್ಯಾಮಿನೇಟ್ ವುಡನ್ ಫ್ಲೋರ್ ಹಾಕ್ಸಿದ್ವಿ, ಎಲ್ಲ ಜಾಯಿಂಟೂ ಹಪ್ಪಳದ ಥರ ಎದ್ದಿದೆ. ಈಗ ಎಸ್‌ಪಿಸಿ ಅಂತ ನೂರಕ್ಕೆ ನೂರು ವಾಟರ್‌ಪ್ರೂಫ್ ಬಂದಿದೆಯಂತೆ, ಹಾಕಬಹುದಾ?

ಉತ್ತರ: ಲ್ಯಾಮಿನೇಟ್ ಅನ್ನೋದು ಮರ ಅಲ್ಲ, ಮರದ ಹೊಟ್ಟನ್ನ ಒತ್ತಿ ಮಾಡಿದ ಹಲಗೆ ಮೇಲೆ ಮರದ ಫೋಟೋ. ಒಂದು ಸಲ ನೀರು ಕುಡಿದು ಉಬ್ಬಿದ್ರೆ ಒಣಗಿದ ಮೇಲೂ ಕೂರಲ್ಲ, ರಿಪೇರಿಗೆ ದುಡ್ಡು ಹಾಕಬೇಡಿ. ಎಸ್‌ಪಿಸಿ ಒಳಗಿರೋದು ಸುಣ್ಣಕಲ್ಲಿನ ಪುಡಿ ಮತ್ತೆ ಪಿವಿಸಿ, ಅದು ಉಬ್ಬಲ್ಲ, ಆ ಮಾತು ನಿಜ. ಆದ್ರೆ ವಾಟರ್‌ಪ್ರೂಫ್ ಆಗಿರೋದು ಹಲಗೆ, ನಿಮ್ಮ ನೆಲ ಅಲ್ಲ. ಆಗುಂಬೆ ಮಗ್ಗುಲಲ್ಲಿ ಕೂತು ಅಡಿಯಿಂದ ತೇವ ಬರೋ ನೆಲದ ಮೇಲೆ ಅದನ್ನ ಹಾಸಿದ್ರೆ ಹಲಗೆ ನೆಟ್ಟಗಿರುತ್ತೆ, ಕೆಳಗೆ ಬೂಷ್ಟು ಬೆಳೆದು ರೂಮು ಹಳೇ ಕಂಬಳಿ ಥರ ನಾತ ಹೊಡೆಯುತ್ತೆ. ವಿನೈಲ್ ಶೀಟ್ ಹಾಸಿದೋರ ಮನೆಗೆ ಹೋಗಿ ಒಂದು ಮೂಲೆ ಎತ್ತಿ ನೋಡಿ.

ಹಾಳಾಗಿರೋದನ್ನ ತೆಗೆಸಿದ ಮೇಲೆ ಕುಂದಾಪುರದೋರಿಗೆ ಹೇಳಿದ ಪ್ಲಾಸ್ಟಿಕ್ ಪರೀಕ್ಷೆ ಮಳೆಗಾಲದಲ್ಲೇ ಮಾಡಿ, ಬೇಸಿಗೇಲಿ ಮಾಡಿ ಪಾಸ್ ಆಯ್ತು ಅಂದ್ರೆ ಲೆಕ್ಕಕ್ಕಿಲ್ಲ. ಹಾಳೆ ಕೆಳಗೆ ಒಣಗಿದ್ರೆ ಎಸ್‌ಪಿಸಿ ಹಾಕಿ, ಗೋಡೆ ಪಕ್ಕ ಒಂದು ಸೆಂಟಿಮೀಟರ್ ಹತ್ರ ಜಾಗ ಬಿಡಿಸಿ, ಅದಕ್ಕೂ ಬಿಸಿಲಿಗೆ ಹಿಗ್ಗೋ ಗುಣ ಇದೆ. ಒದ್ದೆ ಇದ್ರೆ ಮರದ ಡಿಸೈನಿನ ಮ್ಯಾಟ್ ವಿಟ್ರಿಫೈಡ್ ಪಟ್ಟಿಗಳು ಬರ್ತವೆ, ಎಂಟು ಇಂಚು ಅಗಲ, ನಾಲ್ಕು ಅಡಿ ಉದ್ದ, ಕಣ್ಣಿಗೆ ಮರ, ಕಾಲಿಗೆ ಮಾತ್ರ ತಣ್ಣಗೆ.

ಪ್ರಶ್ನೆ (ಹುಬ್ಬಳ್ಳಿ): ನಮ್ಮ ಅಪ್ಪಾಜಿಗೆ 78 ವರ್ಷ. ಬಾತ್‌ರೂಮಿಗೆ ಯಾವ ಹಾಸು ಹಾಕಸೋಣ್ರಿ? ಶಹಾಬಾದ್ ಕಲ್ಲು ಹಾಕಸ್ರಿ ಅಂತ ಮೇಸ್ತ್ರಿ ಅಂತಾನ್ರಿ.

ಉತ್ತರ: ಕಲ್ಲು ಕೆಟ್ಟದ್ದಲ್ಲ, ನಿಮ್ಮ ಕಡೆ ಸುಲಭಕ್ಕೆ ಸಿಗುತ್ತೆ, ಪಾಲಿಶ್ ಮಾಡದ ಶಹಾಬಾದ್ ಕಾಲು ಹಿಡಿಯುತ್ತೆ ಕೂಡ. ಆದ್ರೆ ಅದು ಸುಣ್ಣಕಲ್ಲು, ರಾಜಸ್ಥಾನದ ಕೋಟಾನೂ ಅದೇ ಜಾತಿ, ಆ್ಯಸಿಡ್ ಹಾಕಿ ತೊಳೆಯೋ ಅಭ್ಯಾಸ ಮನೇಲಿದ್ರೆ ಮೇಲ್ಮೈ ತಿಂದುಹೋಗುತ್ತೆ. ಆ್ಯಸಿಡ್ ಬಿಡೋಕೆ ಆಗಲ್ಲ ಅಂದ್ರೆ ಒಂದು ಅಡಿ ಚೌಕದ ಒರಟು ಆ್ಯಂಟಿ ಸ್ಕಿಡ್ ಟೈಲ್ಸ್ ಹಾಕಿ. ಟೈಲ್ ಸಣ್ಣದಿದ್ರೆ ಸಂದಿ ಜಾಸ್ತಿ, ಸಂದಿ ಜಾಸ್ತಿ ಇದ್ರೆ ಹಿಡಿತ ಜಾಸ್ತಿ, ಇಳಿಜಾರೂ ಸರಿಯಾಗಿ ಕೂರುತ್ತೆ. ಮೀಟರಿಗೆ 12ರಿಂದ 15 ಮಿ.ಮೀ. ಇಳಿಜಾರು ಸಾಕು. ಗೋಡೆಯ ಟೈಲ್ಸ್ ಉಳಿದಿದೆ ಅಂತ ಅದನ್ನೇ ನೆಲಕ್ಕೆ ಹಾಕೋರಿದ್ದಾರೆ, ಅದು ಸಾಮಾನ್ಯವಾಗಿ ಶೇ. 10ಕ್ಕಿಂತ ಜಾಸ್ತಿ ನೀರು ಹೀರುತ್ತೆ, ಒಪ್ಪಬೇಡಿ. ನಮ್ಮ ಹಿಂದಿನ ಬೀದಿಯಲ್ಲಿ ಹಾಗೆ ಮಾಡಿದೋರೊಬ್ರು ಎರಡೇ ವರ್ಷಕ್ಕೆ ಮತ್ತೆ ಒಡೆಸಿದ್ರು. ಮುಖ್ಯ ಇನ್ನೊಂದು, ಟೈಲ್ಸ್ ಹಾಕೋ ಮುಂಚೆ ವಾಟರ್‌ಪ್ರೂಫಿಂಗ್ ಕೋಟ್ ಮೇಲೆ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆ ಸೀಲಿಂಗು, ಪಕ್ಕದ ಗೋಡೆ ನೋಡಿ. ಹಿಡ್ಕೊಳ್ಳೋಕೆ ಒಂದು ಸ್ಟೀಲ್ ರಾಡನ್ನೂ ಗೋಡೆಗೆ ಹಾಕಿಸಿಬಿಡಿ, ಇಷ್ಟೆಲ್ಲ ಮಾಡ್ತಿದ್ದೀರಂತೆ.

ಪ್ರಶ್ನೆ (ಶಿರಸಿ): ಅಜ್ಜನ ಕಾಲದ ಕಾವಿ ನೆಲ, ಹೊಳಪು ಹೋಗಿದೆ, ಮಳೆಗಾಲದಲ್ಲಿ ಸ್ವಲ್ಪ ಪಸೆ ಆಗುತ್ತೆ. ಅದರ ಮೇಲೇ ಟೈಲ್ಸ್ ಅಂಟಿಸಬಹುದಾ?

ಉತ್ತರ: ಅಂಟಿಸಬಹುದು, ಮೇಲೆಲ್ಲ ಉಳಿಯಲ್ಲಿ ಕಚ್ಚು ಹಾಕಿ ಒರಟು ಮಾಡಿಸ್ಬೇಕು, ವರ್ಷಗಟ್ಟಲೆ ಎಣ್ಣೆ, ಮೇಣ ಕುಡಿದ ನೆಲ ಅದು, ಸುಮ್ನೆ ಅಂಟಿಸಿದ್ರೆ ಬಿಟ್ಕೊಳ್ಳುತ್ತೆ. ಎಲ್ಲ ಬಾಗಿಲೂ ಅಡಿಯಲ್ಲಿ ಅರ್ಧ ಮುಕ್ಕಾಲು ಇಂಚು ಕೊಯ್ಸಬೇಕಾಗುತ್ತೆ, ಹೊಸಿಲು ತಗ್ಗಾಗುತ್ತೆ, ಪಸೆ ಮಾತ್ರ ಹಾಗೇ ಇರುತ್ತೆ. ಬಿರುಕಿಲ್ಲದೆ ಇದ್ರೆ ನಾನಾಗಿದ್ರೆ ಮುಟ್ತಿರ್ಲಿಲ್ಲ. ಮಳೆ ನಿಂತ ಮೇಲೆ ಚೆನ್ನಾಗಿ ತೊಳೆದು ಒಣಗಿಸಿ, ಹಳೇ ಕಾಟನ್ ಪಂಚೇಲಿ ನಾಲ್ಕೇ ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿಸಿ ನೋಡಿ, ಜಾಸ್ತಿ ಹಾಕಿದ್ರೆ ಧೂಳು ಮೆತ್ಕೊಳ್ಳುತ್ತೆ. ಟೈಲ್ಸ್ ದುಡ್ಡಲ್ಲಿ ಜಗಲಿ ಹೊರಗಿನ ಚರಂಡಿ ಸರಿ ಮಾಡಿಸಿ, ಗೋಡೆ ಬುಡಕ್ಕೆ ದರೆ ನೀರು ಬಂದು ನಿಲ್ತಾ ಇದೆ ಅಂತ ನೀವು ಕಳಿಸಿದ ಫೋಟೋದಲ್ಲೇ ಕಾಣ್ತಿದೆ.