ಅಮೆರಿಕದ ಅತಿ ಅಪಾಯದ ನಗರಗಳ ಪಟ್ಟಿಯೊಂದರಲ್ಲಿ ಸೇಂಟ್ ಲೂಯಿಸ್ ಹೆಸರು ನೋಡಿದೆ. ಬೆಂಗಳೂರಿಗೆ ಹೋಲಿಸಿದರೆ ಎಷ್ಟು ಅಪಾಯ? ಅಲ್ಲಿನ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಓದುವ ಮಗನ ಪದವಿ ಸಮಾರಂಭಕ್ಕೆ ಶಿಕಾಗೋದಲ್ಲಿ ಉಳಿದು ಹೋಗಿಬರುವುದು ಒಳ್ಳೆಯದಾ?

ಬೇಡ. ಶಿಕಾಗೋದಲ್ಲಿ ಹೋಟೆಲ್ ಬುಕ್ ಮಾಡಿದ್ದರೆ ಇವತ್ತೇ ರದ್ದು ಮಾಡಿ.

ನೀವು ನೋಡಿರುವಂಥ ಪಟ್ಟಿಯನ್ನೇ 2019ರಲ್ಲಿ ನಾನೂ ನೋಡಿದ್ದೆ. ಅಮೆರಿಕದ ಅತಿ ಅಪಾಯದ ನಗರಗಳು, ಮೇಲಿನ ಸಾಲಿನಲ್ಲೇ ಸೇಂಟ್ ಲೂಯಿಸ್. ಆಗ ಶಿಕಾಗೋ ಹತ್ತಿರ ಕೆಲಸದಲ್ಲಿದ್ದೆ. ಸೇಂಟ್ ಲೂಯಿಸ್‌ನಲ್ಲಿ ಕ್ಲೈಂಟ್ ಕೆಲಸ ಬಂತು. ಹೆದರಿಕೊಂಡು ಊರಿನಿಂದ ಸಾಕಷ್ಟು ದೂರ, ಹೆದ್ದಾರಿ ಪಕ್ಕದಲ್ಲಿ ರೂಮು ಹಿಡಿದೆ. ಕತ್ತಲಾಗುವ ಮೊದಲೇ ರೂಮು ಸೇರಿಬಿಡುತ್ತಿದ್ದೆ. ಸಿಗ್ನಲ್‌ನಲ್ಲಿ ಕಾರು ನಿಂತರೆ ಡೋರ್ ಲಾಕ್ ಆಗಿದೆಯಾ ಅಂತ ತಿರುಗಿ ತಿರುಗಿ ನೋಡುತ್ತಿದ್ದೆ. ಅಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬ ರಾತ್ರಿ ಊಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ ಅಂತ ಸುಳ್ಳು ಹೇಳಿದೆ.

ಕೆಲಸ ಮುಗಿಯಿತು. ಶನಿವಾರ ವಾಪಸ್ ಹೊರಡುವ ಮೊದಲು ಆರ್ಚ್ ನೋಡಿಬಿಡೋಣ ಅನ್ನಿಸಿತು. ಮಿಸಿಸಿಪ್ಪಿ ದಡದಲ್ಲಿರುವ 630 ಅಡಿ ಎತ್ತರದ ಸ್ಟೀಲ್ ಕಮಾನು. ಮಟಮಟ ಮಧ್ಯಾಹ್ನ, ಸುತ್ತ ಪ್ರವಾಸಿಗರು, ಮಕ್ಕಳು. ಇಲ್ಲೇನು ಭಯ ಅಂದುಕೊಂಡೆ.

ಇಲ್ಲಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್ಲರೂ "ಸೀಟಿನ ಮೇಲೆ ಬ್ಯಾಗ್ ಬಿಡಬೇಡಿ" ಅಂತ ಹೇಳಿ ಸುಮ್ಮನಾಗುತ್ತಾರೆ. ನಾನು ಸೀಟಿನ ಮೇಲೆ ಬಿಟ್ಟಿರಲಿಲ್ಲ. ಹೋಟೆಲ್ ದೂರ ಇದ್ದದ್ದರಿಂದ ಬೆಳಿಗ್ಗೆಯೇ ರೂಮು ಖಾಲಿ ಮಾಡಿದ್ದೆ. ಡಿಕ್ಕಿಯಲ್ಲಿ ಸೂಟ್‌ಕೇಸು, ಸೋನಾ ಮಸೂರಿ ಚೀಲ, ಗೆಳೆಯರು ಕೊಟ್ಟ ಹಳೇ ಕುಕ್ಕರು. ಲ್ಯಾಪ್‌ಟಾಪು, ಪಾಸ್‌ಪೋರ್ಟು, ವೀಸಾ ಕಾಗದ ಎಲ್ಲಾ ಇದ್ದ ಬ್ಯಾಗು ಪಕ್ಕದ ಸೀಟಿನಲ್ಲಿ. ರಸ್ತೆ ಬದಿ ಪಾರ್ಕ್ ಮಾಡಿದೆ. ಇಳಿದೆ. ಆಮೇಲೆ ನೆನಪಾಗಿ ಡಿಕ್ಕಿ ತೆಗೆದೆ, ಅಕ್ಕಿ ಚೀಲ ಆಚೆ ಎಳೆದೆ, ಬ್ಯಾಗನ್ನು ಅದರ ಹಿಂದೆ ತುರುಕಿದೆ, ಚೀಲವನ್ನು ಮತ್ತೆ ಮುಂದಿಟ್ಟೆ. ಮುಚ್ಚಿ, ಎಳೆದು ನೋಡಿ, ಹೋದೆ. ಯಾರು ನೋಡುತ್ತಿದ್ದರೋ, ಬೆಲೆಬಾಳುವುದು ಎಲ್ಲಿದೆ ಅಂತ ನಾನೇ ನಿಂತು ತೋರಿಸಿದ ಹಾಗಾಯಿತು. ವಾಪಸ್ ಬಂದಾಗ ಡ್ರೈವರ್ ಪಕ್ಕದ ಗಾಜು ಪುಡಿಪುಡಿ. ಗಾಜು ಒಡೆದರೆ ಒಳಗಿನ ಬಟನ್ ಒತ್ತಿ ಡಿಕ್ಕಿ ತೆಗೆಯುವುದು ಒಂದೇ ಕ್ಷಣದ ಕೆಲಸ. ಅಕ್ಕಿ, ಕುಕ್ಕರು, ಸೂಟ್‌ಕೇಸು ಯಾವುದನ್ನೂ ಮುಟ್ಟಿರಲಿಲ್ಲ.

ಬ್ಯಾಗನ್ನು ಹೋಟೆಲಿನಿಂದ ಹೊರಡುವಾಗಲೇ ಡಿಕ್ಕಿಗೆ ಹಾಕಿದ್ದರೆ ಮುಗಿದಿತ್ತು. ಪಾಸ್‌ಪೋರ್ಟ್ ನನ್ನ ಜೇಬಿನಲ್ಲಿದ್ದಿದ್ದರೂ ಸಾಕಿತ್ತು.

ಪೊಲೀಸರು ವರದಿ ಬರೆದುಕೊಂಡರು, ಮರ್ಯಾದೆಯಿಂದಲೇ ಮಾತಾಡಿದರು. ಸೇಂಟ್ ಲೂಯಿಸ್ ಇರುವ ಮಿಸೌರಿ ರಾಜ್ಯವೂ ಶಿಕಾಗೋದ ಭಾರತೀಯ ಕಾನ್ಸುಲೇಟ್ ವ್ಯಾಪ್ತಿಗೇ ಬರುತ್ತದೆ, ಹಾಗಾಗಿ ಹೊಸ ಪಾಸ್‌ಪೋರ್ಟ್ ಸಿಕ್ಕಿತು. ಆದರೆ ವೀಸಾ ಸ್ಟಾಂಪ್ ಅಮೆರಿಕದ ಒಳಗೆ ಕೂತು ಆಗುವುದಿಲ್ಲ. ದೇಶ ಬಿಟ್ಟು ಹೋಗಿ, ಸಂದರ್ಶನ ಕೊಟ್ಟು, ಸ್ಟಾಂಪ್ ಹಾಕಿಸಿಕೊಂಡೇ ಮರಳಬೇಕು. ತಡವಾದರೆ ಕೆಲಸ ಹೋಗುತ್ತದೆ ಅನ್ನುವ ಭಯ. ಆ ಭಯದಲ್ಲಿ ಶಿವಮೊಗ್ಗದಲ್ಲಿ ನಡೆದ ತಂಗಿಯ ಮದುವೆಗೆ ಹೋಗಲಿಲ್ಲ. ಧಾರೆಯನ್ನು ವಾಟ್ಸಾಪ್ ವಿಡಿಯೋದಲ್ಲಿ ನೋಡಿದೆ. ಅವಳು ಇವತ್ತಿಗೂ ಚುಚ್ಚುತ್ತಾಳೆ.

ಈಗ ನಿಮ್ಮ ಪಟ್ಟಿಗೆ ಬರೋಣ. ಎಫ್‌ಬಿಐ ಲೆಕ್ಕದಲ್ಲಿ ಹಿಂಸಾತ್ಮಕ ಅಪರಾಧ ಅಂದರೆ ನಾಲ್ಕು: ಕೊಲೆ, ಅತ್ಯಾಚಾರ, ಸುಲಿಗೆ, ಗಂಭೀರ ಹಲ್ಲೆ. ಕಾರಿನ ಗಾಜು ಒಡೆದು ಕದ್ದದ್ದು ಅದರಲ್ಲಿ ಬರುವುದೇ ಇಲ್ಲ, ಅದು ಆಸ್ತಿ ಅಪರಾಧ. ಅಂದರೆ ನಾನು ಹೆದರಿಕೊಂಡು ಓದಿದ ಪಟ್ಟಿಯಲ್ಲಿ ನನಗೆ ಆದದ್ದಕ್ಕೆ ಜಾಗವೇ ಇರಲಿಲ್ಲ.

ಇನ್ನೊಂದು, ಆ ಪಟ್ಟಿಯ "ಸೇಂಟ್ ಲೂಯಿಸ್" ಯಾವುದು ಗೊತ್ತಾ? 1876ರಲ್ಲಿ ಜನ ಮತ ಹಾಕಿ ನಗರವನ್ನು ಕೌಂಟಿಯಿಂದ, ಅಂದರೆ ನಮ್ಮ ಜಿಲ್ಲೆಯಂಥದ್ದರಿಂದ, ಬೇರೆ ಮಾಡಿದರು. ಗಡಿ ಆಗಲೇ ಗಟ್ಟಿಯಾಯಿತು. 1950ರಲ್ಲಿ ಗಡಿಯೊಳಗೆ ಸುಮಾರು 8.5 ಲಕ್ಷ ಜನ ಇದ್ದರು, 2020ರ ಗಣತಿಯಲ್ಲಿ 3 ಲಕ್ಷ ಚಿಲ್ಲರೆ. ಹೊರಗೂ ಸೇರಿಸಿದರೆ ಊರು ಸುಮಾರು 28 ಲಕ್ಷದ್ದು. ಬೆಂಗಳೂರಿನಲ್ಲಿ ಮೆಜೆಸ್ಟಿಕ್‌ನಿಂದ ಕಲಾಸಿಪಾಳ್ಯದವರೆಗೆ ಮಾತ್ರ ಬೆಂಗಳೂರು, ಜಯನಗರ, ಮಲ್ಲೇಶ್ವರ ಎಲ್ಲ ಬೇರೆ ಜಿಲ್ಲೆ ಅಂತ ಲೆಕ್ಕ ಹಾಕಿದರೆ ಹೇಗಿರುತ್ತದೆ, ಹಾಗೆ. ಹಗಲು ಕೆಲಸಕ್ಕೆ ಬರುವವರು, ಆಟ ನೋಡಲು ಬರುವವರು ಜನಸಂಖ್ಯೆಯಲ್ಲಿ ಸೇರುವುದಿಲ್ಲ. ಅವರ ಮೇಲೆ ಹಲ್ಲೆಯಾದರೆ ಅಪರಾಧದ ಲೆಕ್ಕದಲ್ಲಿ ಮಾತ್ರ ಸೇರುತ್ತದೆ. ನಗರಗಳನ್ನು ಹೀಗೆ ಸಾಲು ನಿಲ್ಲಿಸಬೇಡಿ ಅಂತ ಎಫ್‌ಬಿಐಯೇ ಎಚ್ಚರಿಕೆ ಕೊಡುತ್ತದೆ. ಯಾರು ಕೇಳುತ್ತಾರೆ!

ನಿಮ್ಮ ಮಗ ಓದುತ್ತಿರುವುದು ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಅಂದಿರಿ. ಅದರ ಮುಖ್ಯ ಕ್ಯಾಂಪಸ್ ಬಹುಪಾಲು ನಗರದ ಗಡಿಯ ಆಚೆ, ಕೌಂಟಿಯಲ್ಲಿದೆ. ವಿಮಾನ ನಿಲ್ದಾಣವೂ ಕೌಂಟಿಯ ನೆಲದಲ್ಲೇ. ಕ್ಯಾಂಪಸ್ ಪಕ್ಕದಲ್ಲೇ, ಕೌಂಟಿಗೆ ಸೇರಿದ ಕ್ಲೇಟನ್‌ನಲ್ಲಿ ರೂಮು ಮಾಡಿದರೆ ನೀವು ಇಳಿದು, ಮಲಗಿ, ಸಮಾರಂಭ ನೋಡುವವರೆಗೂ ಆ ಪಟ್ಟಿಯ ಊರಿಗೆ ಹೆಚ್ಚುಕಮ್ಮಿ ಕಾಲೇ ಇಟ್ಟಿರುವುದಿಲ್ಲ.

ಹಾಗಂತ ಅಂಕಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಅಲ್ಲೇ ಬದುಕುವವರಿಗೆ ಅದು ನಿಜವಾದ ನೋವು. 2020ರಲ್ಲಿ ಆ ಸಣ್ಣ ಗಡಿಯೊಳಗೆ 263 ಕೊಲೆ ಆದವು. 2024ರಲ್ಲಿ 150ಕ್ಕೆ ಇಳಿಯಿತು. ಬೆಂಗಳೂರಿಗೆ ಹೋಲಿಸಿದರೆ ಎಷ್ಟು ಅಂತ ಕೇಳಿದ್ದೀರಿ. ಬೆಂಗಳೂರಲ್ಲೂ ವರ್ಷಕ್ಕೆ ಇನ್ನೂರರ ಆಚೀಚೆ ಕೊಲೆಗಳು, ಆದರೆ ಕೋಟಿಗೂ ಮೀರಿದ ಜನರ ನಡುವೆ. ವ್ಯತ್ಯಾಸ ದೊಡ್ಡದೇ. ಕೊಲೆ ಬಿಟ್ಟು ಬೇರೆ ಯಾವ ಅಂಕಿಯನ್ನೂ ಎರಡು ದೇಶಗಳ ನಡುವೆ ಹೋಲಿಸಬೇಡಿ, ಅಪರಾಧಗಳನ್ನು ವಿಂಗಡಿಸುವ ರೀತಿಯೇ ಬೇರೆ. ನಮ್ಮ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ) ಮಹಾನಗರಗಳ ಅಪರಾಧ ದರ ಹಾಕುವುದು 2011ರ ಜನಗಣತಿ ಹಿಡಿದುಕೊಂಡು. ಅದರಲ್ಲಿ ಬೆಂಗಳೂರಿಗೆ ಇನ್ನೂ 85 ಲಕ್ಷ ಜನ!

ಸೇಂಟ್ ಲೂಯಿಸ್‌ನ ಕೊಲೆಗಳೂ ಊರಿನ ಎಲ್ಲಾ ಕಡೆ ಸಮನಾಗಿ ಹಂಚಿಕೊಂಡಿಲ್ಲ. ಬಹಳಷ್ಟು ಆಗುವುದು ಡೆಲ್ಮಾರ್ ರಸ್ತೆಯ ಉತ್ತರಕ್ಕೆ. ಅಲ್ಲಿ ಹೆಚ್ಚಾಗಿ ಕಪ್ಪು ಜನರ ಬಡ ಬಡಾವಣೆಗಳು, ಬೀಗ ಬಿದ್ದ ಖಾಲಿ ಮನೆಗಳು. ಸಾಯುವವರು ಹೆಚ್ಚಾಗಿ ಅಲ್ಲಿನವರೇ. ಪ್ರವಾಸಿಗೆ ಆ ಬೀದಿಗಳಲ್ಲಿ ರಾತ್ರಿ ಹೊತ್ತು ಕೆಲಸವಿಲ್ಲ.

ಶಿಕಾಗೋದ ದರ ಕಡಿಮೆ, ಒಪ್ಪುತ್ತೇನೆ. 2024ರಲ್ಲಿ ಅಲ್ಲಿ ಸುಮಾರು 27 ಲಕ್ಷ ಜನರಲ್ಲಿ 573 ಕೊಲೆ. ಆದರೆ ಅಲ್ಲೂ ದಕ್ಷಿಣ, ಪಶ್ಚಿಮದ ಕೆಲವು ಬಡಾವಣೆಗಳದ್ದೇ ಬೇರೆ ಲೆಕ್ಕ. ಮೇಲಾಗಿ ಅಲ್ಲಿಂದ ಸೇಂಟ್ ಲೂಯಿಸ್ ಸುಮಾರು 480 ಕಿಲೋಮೀಟರ್. ಹೋಗೋಕೆ ಐದು ಗಂಟೆ, ಬರೋಕೆ ಐದು ಗಂಟೆ. ಬಲಗಡೆ ಓಡಿಸಿ ಅಭ್ಯಾಸ ಇಲ್ಲದ ನೀವು, ಅಥವಾ ರಾತ್ರಿಯೆಲ್ಲಾ ನಿದ್ದೆಗೆಟ್ಟ ಮಗ. 2022ರಲ್ಲಿ ಅಮೆರಿಕದ ರಸ್ತೆಗಳಲ್ಲಿ 42 ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ವರ್ಷ ಕೊಲೆಯಾದವರಿಗಿಂತ ಅದು ತುಂಬಾ ಜಾಸ್ತಿ. ಕೊಲೆಗೆ ಹೆದರಿ ಹೆದ್ದಾರಿ ಹತ್ತುವುದರಲ್ಲಿ ಅರ್ಥವಿಲ್ಲ.

ಹಾಗಾಗಿ ಯಾವ ಊರು ಸೇಫ್ ಅಂತ ಕೇಳುವುದನ್ನು ಬಿಡಿ. ಯಾವ ಬೀದಿ, ಎಷ್ಟು ಹೊತ್ತಿಗೆ, ಕೈಯಲ್ಲಿ ಏನಿದೆ ಅಂತ ಮಗನನ್ನೇ ಕೇಳಿ. ಇಷ್ಟು ವರ್ಷ ಅಲ್ಲಿದ್ದವನಿಗೆ ನನಗಿಂತ, ಆ ಪಟ್ಟಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪಾಸ್‌ಪೋರ್ಟ್ ರೂಮಿನ ಲಾಕರಿನಲ್ಲಿಡಿ, ಫೋಟೋ ಫೋನಿನಲ್ಲಿರಲಿ. ಕಾರು ತೆಗೆದುಕೊಂಡರೆ ಸಾಮಾನು ಏನಿದ್ದರೂ ಹೊರಡುವ ಕಡೆಯೇ ಡಿಕ್ಕಿಗೆ ಹಾಕಿ, ತಲುಪಿದ ಮೇಲೆ ಡಿಕ್ಕಿ ತೆಗೆಯಲೇಬೇಡಿ. ಚಾರ್ಜರ್ ವೈರು ಕೂಡ ಕಾಣಬಾರದು.

ಒಂದು ದಿನ ಫಾರೆಸ್ಟ್ ಪಾರ್ಕಿಗೆ ಇಟ್ಟುಕೊಳ್ಳಿ. ಕ್ಯಾಂಪಸ್ಸಿನ ಪೂರ್ವಕ್ಕೆ ರಸ್ತೆ ದಾಟಿದರೆ ಅದೇ. 1904ರ ವಿಶ್ವ ಮೇಳ ನಡೆದ ಜಾಗ. ಝೂ, ಕಲಾ ಮ್ಯೂಸಿಯಂ ಎರಡಕ್ಕೂ ಪ್ರವೇಶ ಉಚಿತ. ಮೇ ತಿಂಗಳ ಸಮಾರಂಭದ ವಾರ ಕ್ಲೇಟನ್ ಸುತ್ತ ರೂಮು ಬೇಗ ತುಂಬುತ್ತವೆ, ದರವೂ ಏರುತ್ತದೆ. ಶಿಕಾಗೋದ್ದು ರದ್ದು ಮಾಡುವ ಮೊದಲು ಕ್ಲೇಟನ್‌ನಲ್ಲಿ ಒಂದು ಹಿಡಿದುಕೊಳ್ಳಿ.