ಪ್ರತಿಕ್ರಿಯೆ: ಅಜ್ಜಿಯ ಉಯಿಲಿನ ಹತ್ತಿರ ನಿಂತುಹೋದ ಕಾದಂಬರಿ

ಅಜ್ಜಿಯ ಉಯಿಲಿನ ಕಥೆ ಇರುವ ಕಾದಂಬರಿ ಓದುತ್ತಾ 100ನೇ ಪುಟದಲ್ಲಿ ನಿಂತುಬಿಟ್ಟಿದ್ದೀನಿ ಅಂತ ಬರೆದಿದ್ದೀರಿ. ಅದಕ್ಕೆ ನಾಯಕಿಯ ಮುರಿದ ಪ್ರೇಮಕ್ಕಿಂತ ಉಯಿಲಿನ ಗೋಜಲೇ ಕಾರಣ ಇರಬೇಕು. ಪಾಂಡವಪುರದ ಮನೆ ಮೊಮ್ಮಗಳಿಗೆ ಹೇಗೆ ಬಂತು, ಸೋದರಮಾವ ಯಾಕೆ ಕೂಗಾಡುತ್ತಾನೆ ಅಂತ ಕೇಳಿದ್ದೀರಲ್ಲ, ಅದು ಬಿಡಿಸಿದರೆ ಮಿಕ್ಕಿದ್ದು ಸಲೀಸು.

ಮೊದಲು ಉಯಿಲು ಓದುವ ಅಧ್ಯಾಯಕ್ಕೆ ವಾಪಸ್ ಹೋಗಿ. ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದುಕೊಳ್ಳಿ: ಮೇಲ್ಗಡೆ ಅಜ್ಜಿ, ಕೆಳಗೆ ಮಕ್ಕಳು, ಆಮೇಲೆ ಮೊಮ್ಮಕ್ಕಳು. ಮನೆಯಲ್ಲಿ ಕರೆಯುವ ಹೆಸರನ್ನೂ ಪಕ್ಕದಲ್ಲೇ ಬರೆದುಕೊಳ್ಳಿ. ಒಬ್ಬಳೇ ಒಂದು ಕಡೆ ಪುಟ್ಟತಾಯಮ್ಮ, ಇನ್ನೊಂದು ಕಡೆ ಪುಟ್ಟಕ್ಕ, ಮತ್ತೊಂದು ಕಡೆ ತಾಯಮ್ಮ ಆದರೆ ಯಾರಿಗಾದರೂ ತಲೆ ಕೆಡುತ್ತೆ.

ಆಮೇಲೆ ಮನೆ ಯಾರದು ನೋಡಿ. ಅಜ್ಜಿಯ ಸ್ವಂತ ಆಸ್ತಿಯಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಯಾರಿಗೆ ಬೇಕಾದರೂ ಬರೆಯಬಹುದು. ಅವಳ ರುಜು, ಇಬ್ಬರು ಸಾಕ್ಷಿಗಳ ರುಜು ಇರಬೇಕು, ನೋಂದಣಿ ಕಡ್ಡಾಯವಲ್ಲ. ತಾತನ ಕಡೆಯ ಪಿತ್ರಾರ್ಜಿತವಾದರೆ ತನ್ನ ಪಾಲಷ್ಟೇ. ಕಥೆಯ ಕಾಲವೂ ಮುಖ್ಯ. ಕರ್ನಾಟಕದಲ್ಲಿ 1994ಕ್ಕೆ ಮುಂಚೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆ ಹುಟ್ಟಿನಿಂದ ಹಕ್ಕಿರಲಿಲ್ಲ. ಅಷ್ಟರಲ್ಲಿ ಮದುವೆಯಾಗಿದ್ದವರಿಗೆ 2005ರ ತಿದ್ದುಪಡಿವರೆಗೆ ಕಾಯಬೇಕಾಯಿತು. ಇಸವಿ ಹೇಳಿಲ್ಲದಿದ್ದರೆ ಊಹೆಯೇ ಗತಿ.

ನಿಮ್ಮ ವಿವರ ನೋಡಿದರೆ ಅದು ಅಜ್ಜಿಯ ಸ್ವಂತದ್ದೇ ಅನ್ನಿಸುತ್ತೆ. ಹಾಗಿದ್ದರೆ ಮಾವನ ವಾದಕ್ಕೆ ಬಲವಿಲ್ಲ. ಅವನ ಕೂಗಾಟವನ್ನು ಆಸ್ತಿ ಜಗಳ ಅಂತ ಓದಬೇಡಿ, ಅವ್ವ ತನ್ನನ್ನು ಕೈಬಿಟ್ಟಳಲ್ಲ ಅನ್ನುವ ಸಂಕಟ ಅಂತ ಓದಿ. ಇಂಥ ಕಾದಂಬರಿಯ ಸಮಾಧಾನ ಇರುವುದೇ ಅಲ್ಲಿ, ಹೊಸ ಹುಡುಗ ಹೇಗೂ ಬರ್ತಾನೆ.

ರಾತ್ರಿ 25 ಪುಟ ಸಾಕು. ಪ್ರೇಮಪತ್ರ ಹರಿದುಹಾಕುವ ಜಾಗದಲ್ಲಿ ಮಾತ್ರ ಪುಸ್ತಕ ಮಡಚಬೇಡಿ, ಮುಂದಿನ ಅಡುಗೆಮನೆ ಮಾತುಕತೆ ದಾಟಿ ನಿಲ್ಲಿಸಿ.