ಗುಂಯ್ ಸದ್ದು ನಿಲ್ಲಿಸಲು ಅರ್ಥ್ ಪಿನ್ ಮುರಿಯಬೇಡಿ

ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ಕಟ್ಟಿ, ಮನೆಯಲ್ಲೇ ರೆಕಾರ್ಡ್ ಮಾಡುವವರು ಕಳಿಸುವ ಪ್ರಶ್ನೆಗಳಲ್ಲಿ ಒಂದು ಮಾತ್ರ ತಪ್ಪದೆ ಬರುತ್ತದೆ. ಅದರ ಬೆನ್ನಿಗೇ, ಯಾರೋ ಹೇಳಿಕೊಟ್ಟ ಅಪಾಯಕಾರಿ ಪರಿಹಾರವೊಂದೂ ಬರುತ್ತದೆ. ಆ ಪರಿಹಾರವನ್ನು ಓದಿದಾಗಲೆಲ್ಲ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಗುವುದರಿಂದ ಈ ಬಾರಿಯ ಅಂಕಣದ ಬಹುಪಾಲನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಬೆಸುಗೆ ಹಾಕುವುದು ಹೇಗೆ, ಪಿಕಪ್ ಎಂದರೇನು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಗಿಟಾರ್ ಕಟ್ಟಲು ಕೈಹಾಕಿದವರಿಗೆ ಅಷ್ಟು ತಿಳಿದಿರಲೇಬೇಕು.

ಪ್ರಶ್ನೆ: ಕಿಟ್ ತರಿಸಿ ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳ ಗಿಟಾರ್ ಜೋಡಿಸಿದ್ದೇನೆ. ಆಡಿಯೊ ಇಂಟರ್‌ಫೇಸ್ ಮೂಲಕ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದರೆ ಹಿನ್ನೆಲೆಯಲ್ಲಿ ಗುಂಯ್ ಎನ್ನುವ ಸದ್ದು ಕೇಳುತ್ತದೆ. ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ, ಕೈ ತೆಗೆದರೆ ಜೋರಾಗುತ್ತದೆ. ಆಂಪ್ಲಿಫಯರನ್ನೂ ಒಟ್ಟಿಗೆ ಜೋಡಿಸಿದರೆ ಇನ್ನೂ ಹೆಚ್ಚು. ಒಳಗೆಲ್ಲ ತಾಮ್ರದ ಹಾಳೆ ಅಂಟಿಸಿದರೂ ಪೂರ್ತಿ ಹೋಗಿಲ್ಲ. ಆಂಪ್ಲಿಫಯರಿನ ಪ್ಲಗ್ಗಿನಿಂದ ಅರ್ಥ್ ಪಿನ್ ತೆಗೆದರೆ ಸರಿಹೋಗುತ್ತದೆ ಎಂದು ರಿಪೇರಿಯವರು ಹೇಳಿದರು. ತೆಗೆಯಬಹುದೇ? — ಶಿವಮೊಗ್ಗದ ಓದುಗರು

ಉತ್ತರ: ತೆಗೆಯಬಾರದು. ಹಾಗೆ ಹೇಳಿದವರ ಕೈಗೆ ಇನ್ನು ಮುಂದೆ ನಿಮ್ಮ ಯಾವ ಉಪಕರಣವನ್ನೂ ಕೊಡಬೇಡಿ.

ಗಿಟಾರಿನ ತಂತಿಗಳು ಬ್ರಿಡ್ಜ್‌ನ ಮೂಲಕ ಒಂದು ವೈರಿಗೆ, ಆ ವೈರು ಜ್ಯಾಕಿನ ಹೊರಗವಚಕ್ಕೆ, ಕೇಬಲ್ಲಿನ ಶೀಲ್ಡ್ ಮೂಲಕ ಆಂಪ್ಲಿಫಯರಿನ ಲೋಹದ ಚೌಕಟ್ಟಿಗೆ, ಅಂದರೆ ಚಾಸಿಗೆ, ಸೇರಿರುತ್ತದೆ. ಅಂದರೆ ನಿಮ್ಮ ಎಡಗೈ ಬೆರಳುಗಳು ನುಡಿಸುವಷ್ಟು ಹೊತ್ತೂ ಆ ಚಾಸಿಯನ್ನೇ ಮುಟ್ಟಿಕೊಂಡಿರುತ್ತವೆ. ಆಂಪ್ಲಿಫಯರಿನೊಳಗೆ ಎಂದಾದರೂ ಫೇಸ್ ವೈರಿನ ಹೊದಿಕೆ ಸವೆದು ಚಾಸಿಗೆ ತಾಗಿದರೆ, ಅರ್ಥ್ ಸರಿಯಾಗಿದ್ದಲ್ಲಿ ಭಾರಿ ಪ್ರವಾಹ ಅದರ ಮೂಲಕ ಹರಿದು ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ (ಪ್ರವಾಹ ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್) ಬೀಳುತ್ತದೆ. ಪಿನ್ ಮುರಿದಿದ್ದರೆ ಫ್ಯೂಸೂ ಹೋಗುವುದಿಲ್ಲ, ಎಂಸಿಬಿಯೂ ಬೀಳುವುದಿಲ್ಲ, ನಿಮ್ಮ ತಂತಿಗಳ ಮೇಲೆ 230 ವೋಲ್ಟ್ ಕಾದು ಕುಳಿತಿರುತ್ತದೆ. ಆ ಸ್ಥಿತಿಯಲ್ಲಿ ನೀವು ಸರಿಯಾಗಿ ಅರ್ಥ್ ಆಗಿರುವ ಮೈಕ್ರೊಫೋನನ್ನು ಇನ್ನೊಂದು ಕೈಯಿಂದ ಹಿಡಿದರೆ ವಿದ್ಯುತ್ತು ಎದೆಯ ಮೂಲಕವೇ ಹಾದುಹೋಗುತ್ತದೆ. ಇದು ಹೆದರಿಸಲು ಕಟ್ಟಿದ ಮಾತಲ್ಲ. ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯ ವೇದಿಕೆಯಲ್ಲಿ ಅರ್ಥ್ ಇಲ್ಲದ ಮೈಕ್ರೊಫೋನ್ ಮುಟ್ಟಿ ಸತ್ತರು. ‘ಯಾರ್ಡ್‌ಬರ್ಡ್ಸ್’ ತಂಡದ ಗಾಯಕರಾಗಿದ್ದ ಕೀತ್ ರೆಲ್ಫ್ 1976ರಲ್ಲಿ ತಮ್ಮ ಮನೆಯಲ್ಲೇ, ಸರಿಯಾದ ಅರ್ಥ್ ಇಲ್ಲದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಾಗ ಸತ್ತರು.

ಇದಕ್ಕಿಂತಲೂ ಕೆಟ್ಟದೊಂದು ರೂಢಿ ನಮ್ಮ ಊರುಗಳಲ್ಲಿದೆ. ಮನೆಗೆ ಅರ್ಥ್ ವೈರೇ ಇಲ್ಲದಾಗ ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರು ಕೊಟ್ಟು ‘ಅರ್ಥಿಂಗ್ ಮಾಡಿದ್ದೇವೆ’ ಎಂದು ಹೇಳಿ ಹಣ ಪಡೆಯುವವರಿದ್ದಾರೆ. ಮುಂದೆ ಎಲ್ಲೋ ನ್ಯೂಟ್ರಲ್ ಕಡಿದುಹೋದರೆ ಸಾಕು, ಯಾವ ದೋಷವೂ ಇಲ್ಲದ ನಿಮ್ಮ ಹೊಸ ಆಂಪ್ಲಿಫಯರಿನ ಚಾಸಿ ಫೇಸ್ ಆಗಿಬಿಡುತ್ತದೆ. ರೆಕಾರ್ಡಿಂಗ್ ಕೋಣೆಗೆ ಇನ್ನೊಂದು ಮೈಕ್ರೊಫೋನ್ ಕೊಳ್ಳುವ ಮೊದಲು ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರಿಂದ ಸಾಕೆಟ್ಟುಗಳ ಅರ್ಥನ್ನು ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಅಷ್ಟು ಸಣ್ಣ ಪ್ರವಾಹ ಸೋರಿದರೂ ಕರೆಂಟು ಕಡಿಯುವ ಸ್ವಿಚ್) ಒಂದನ್ನು ಹಾಕಿಸಿ. ಎಂಸಿಬಿ ಇದೆಯಲ್ಲ ಎಂದು ವಾದಿಸಬೇಡಿ. ಆರೋ ಹದಿನಾರೋ ಆಂಪಿಯರಿಗೆ ಬೀಳುವ ಎಂಸಿಬಿ ಇರುವುದು ವೈರನ್ನು ಉಳಿಸಲಿಕ್ಕೆ, ನಿಮ್ಮನ್ನಲ್ಲ. ಸ್ವಂತ ಮನೆಯಾದರೆ ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ, ಏಕೆಂದರೆ ಮಣ್ಣು ಒಣಗಿದಷ್ಟೂ ಅದರ ರೋಧ ಏರುತ್ತದೆ.

ಈಗ ಸದ್ದಿನ ವಿಷಯ. ನೀವು ಒಂದೇ ಸದ್ದು ಎಂದುಕೊಂಡಿರುವುದು ನಿಜವಾಗಿ ಮೂರು ಬೇರೆ ಬೇರೆ ದಾರಿಗಳಿಂದ ಬರುತ್ತಿದೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ತಾಮ್ರದ ಹಾಳೆ ಹಾಕಿದರೂ ಹೋಗಲಿಲ್ಲ ಎಂದು ನೀವು ಬೇಸರಪಟ್ಟದ್ದಕ್ಕೆ ಕಾರಣ ಅದೇ.

ಮೊದಲನೆಯದು ಕಾಂತಕ್ಷೇತ್ರದಿಂದ ಬರುವುದು. ಸಿಂಗಲ್ ಕಾಯಿಲ್ ಪಿಕಪ್ ಎಂದರೆ ಅಯಸ್ಕಾಂತಗಳ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿದ ಸುರುಳಿ. ಅದು ತಂತಿಯ ಕಂಪನವನ್ನು ಹಿಡಿಯುವ ಹಾಗೆಯೇ ಟ್ರಾನ್ಸ್‌ಫಾರ್ಮರ್, ಫ್ಯಾನಿನ ಮೋಟಾರು, ಹಳೆಯ ಟ್ಯೂಬ್‌ಲೈಟಿನ ಕಬ್ಬಿಣದ ಚೋಕ್‌ಗಳ 50 ಹರ್ಟ್ಸ್ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ. ಕುಳಿತಲ್ಲೇ ಗಿಟಾರನ್ನು ನಿಧಾನವಾಗಿ ಸುತ್ತಲೂ ತಿರುಗಿಸಿ. ಯಾವುದೋ ಒಂದು ದಿಕ್ಕಿನಲ್ಲಿ ಸದ್ದು ಬಹುತೇಕ ಅಡಗಿದರೆ ಅದು ಈ ಬಗೆಯದು. ಇದನ್ನು ತಾಮ್ರದ ಹಾಳೆ ತಡೆಯುವುದಿಲ್ಲ, ಎರಡು ಪದರ ಹಾಕಿದರೂ ತಡೆಯುವುದಿಲ್ಲ. ಇಷ್ಟು ಕಡಿಮೆ ಆವರ್ತನದ ಕಾಂತಕ್ಷೇತ್ರಕ್ಕೆ ತೆಳು ತಾಮ್ರ ಇದ್ದೂ ಇಲ್ಲದಂತೆ. ಇದಕ್ಕೆ ನಿಜವಾದ ಉತ್ತರ ಹಂಬಕರ್. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಆ ಪಿಕಪ್ಪಿನಲ್ಲಿ ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಅವುಗಳ ಅಯಸ್ಕಾಂತ ಧ್ರುವಗಳನ್ನೂ ಅದಲುಬದಲು ಮಾಡಲಾಗಿದೆ. ಅದರಿಂದ ಹೊರಗಿನಿಂದ ಬಂದ ಗುಂಯ್ ಸದ್ದು ಒಂದನ್ನೊಂದು ಅಳಿಸಿಕೊಳ್ಳುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ನಿಮ್ಮ ಗಿಟಾರಿನ ನಡುವಿನ ಪಿಕಪ್ ಹೀಗೆ ತಿರುವುಮುರುವಾಗಿ ಸುತ್ತಿದ್ದಾದರೆ ಸ್ವಿಚ್ಚಿನ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಇದೇ ಲಾಭ ಸಿಗುತ್ತದೆ. ಕೊಳ್ಳುವಾಗ ಕೇಳಿ ತಿಳಿದುಕೊಳ್ಳಬೇಕಾದ ಸಂಗತಿ ಇದು. ಇಲ್ಲವಾದರೆ ಫ್ಯಾನ್ ಆರಿಸಿ, ಚೋಕ್‌ನಿಂದಲೂ ಆಂಪ್ಲಿಫಯರಿನಿಂದಲೂ ದೂರ ಕುಳಿತು, ಸದ್ದು ಅಡಗುವ ದಿಕ್ಕಿಗೆ ಮುಖಮಾಡಿ ರೆಕಾರ್ಡ್ ಮಾಡಿ.

ಎರಡನೆಯದು ವಿದ್ಯುತ್ ಕ್ಷೇತ್ರದಿಂದ ಬರುವ, ಸ್ವಲ್ಪ ಕರ್ಕಶವಾದ ಝೇಂಕಾರ. ಗೋಡೆಯೊಳಗಿನ ವೈರುಗಳು, ಡಿಮ್ಮರುಗಳು, ಅಗ್ಗದ ಎಲ್‌ಇಡಿ ಬಲ್ಬುಗಳು ಇದರ ಮೂಲ. ಕರೆಂಟು ಹೋದಾಗ ಚೌಕ ಅಲೆಯ ಇನ್ವರ್ಟರಿನ ಮೇಲೆ ಮನೆ ನಡೆಯುತ್ತಿದ್ದರೆ ರೆಕಾರ್ಡಿಂಗನ್ನು ಅಲ್ಲಿಗೇ ನಿಲ್ಲಿಸುವುದು ಒಳಿತು. ಈ ಕ್ಷೇತ್ರವನ್ನು ಹಿಡಿಯುವ ಆಂಟೆನಾ ಮುಖ್ಯವಾಗಿ ನಿಮ್ಮ ದೇಹವೇ. ತಂತಿ ಮುಟ್ಟಿದಾಗ ದೇಹವೂ ಅರ್ಥ್‌ಗೆ ಸೇರುವುದರಿಂದ ಸದ್ದು ಇಳಿಯುತ್ತದೆ. ಆದ್ದರಿಂದ ಮುಟ್ಟಿದಾಗ ಕಡಿಮೆಯಾಗುವುದು ದೋಷದ ಲಕ್ಷಣವಲ್ಲ, ಬ್ರಿಡ್ಜ್ ವೈರು ಕೆಲಸ ಮಾಡುತ್ತಿದೆ ಎಂಬುದರ ಲಕ್ಷಣ. ಮುಟ್ಟಿದಾಗ ಜಾಸ್ತಿಯಾದರೆ ಮಾತ್ರ ಜ್ಯಾಕಿನ ಎರಡು ವೈರುಗಳು ಅದಲುಬದಲಾಗಿವೆಯೇ ನೋಡಿ. ಮುಟ್ಟಿದರೂ ಏನೂ ಬದಲಾಗದಿದ್ದರೆ ಮಲ್ಟಿಮೀಟರಿನಿಂದ ಬ್ರಿಡ್ಜ್‌ಗೂ ಜ್ಯಾಕಿನ ಹೊರಗವಚಕ್ಕೂ ನಡುವಿನ ರೋಧ ಅಳೆಯಿರಿ. ಅದು ಒಂದು ಓಮ್‌ನ ಆಸುಪಾಸಿನಲ್ಲಿರಬೇಕು. ಕಿಟ್ ಗಿಟಾರುಗಳಲ್ಲಿ ಬ್ರಿಡ್ಜ್‌ನ ಕೆಳಗೆ ಸಿಕ್ಕಿಸಿದ ವೈರಿಗೂ ಲೋಹಕ್ಕೂ ನಡುವೆ ಬಣ್ಣದ ಪದರ ಉಳಿದು ಸಂಪರ್ಕ ತಪ್ಪಿರುವುದು ಸಾಮಾನ್ಯ. ತಾಮ್ರದ ಹಾಳೆ ನಿಜಕ್ಕೂ ಉಪಯೋಗಕ್ಕೆ ಬರುವುದು ಈ ಬಗೆಯ ಸದ್ದಿಗೆ, ಅದೂ ಹಾಳೆಯ ತುಂಡುಗಳೆಲ್ಲ ಒಂದಕ್ಕೊಂದು ಬೆಸೆದು ಗ್ರೌಂಡಿಗೆ ಸೇರಿದ್ದರೆ ಮಾತ್ರ. ಅಂಟಿನ ಮೇಲೆ ನಂಬಿಕೆ ಇಟ್ಟು ಬೆಸುಗೆ ಬಿಟ್ಟವರು ಗಿಟಾರಿನೊಳಗೆ ಅಲಂಕಾರ ಮಾಡಿದ್ದಾರೆ, ಶೀಲ್ಡಿಂಗ್ ಮಾಡಿಲ್ಲ.

ಮೂರನೆಯದು ಗಿಟಾರಿನಿಂದ ಬರುವುದೇ ಅಲ್ಲ. ಗಿಟಾರಿನ ವಾಲ್ಯೂಮನ್ನು ಸೊನ್ನೆಗೆ ಇಳಿಸಿ. ಆಗಲೂ ಸದ್ದು ಇದ್ದರೆ ಅದು ಕೇಬಲ್, ಇಂಟರ್‌ಫೇಸ್ ಅಥವಾ ಲ್ಯಾಪ್‌ಟಾಪಿನ ಕಡೆಯದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಎರಡು ಪಿನ್ನಿನ ಚಾರ್ಜರ್ ಆದರೆ, ಅಥವಾ ಮೂರು ಪಿನ್ ಇದ್ದೂ ಸಾಕೆಟ್ಟಿನಲ್ಲಿ ಅರ್ಥ್ ಸತ್ತಿದ್ದರೆ, ಅದರೊಳಗಿನ ಕೆಪಾಸಿಟರುಗಳ ಮೂಲಕ ಅತ್ಯಲ್ಪ ಪ್ರವಾಹ ಸೋರಿ ಲ್ಯಾಪ್‌ಟಾಪಿನ ಲೋಹದ ಮೈ ಜುಮ್ಮೆನ್ನುತ್ತದೆ, ಆ ಸೋರಿಕೆಯೇ ಯುಎಸ್‌ಬಿ ಮೂಲಕ ನಿಮ್ಮ ರೆಕಾರ್ಡಿಂಗಿಗೂ ಬರುತ್ತದೆ. ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಗಿಟಾರ್ ಬಿಚ್ಚಿ ಜೋಡಿಸಿದ್ದೆಲ್ಲ ವ್ಯರ್ಥವಾಗಿ, ಕೊನೆಗೆ ಚಾರ್ಜರ್ ಕಿತ್ತಾಗ ಸದ್ದು ನಿಂತಿದೆ.

ಆಂಪ್ಲಿಫಯರ್ ಸೇರಿದಾಗ ಹೆಚ್ಚುವ ಸದ್ದೂ ಈ ಮೂರನೆಯ ಬಗೆಯದೇ, ಅದಕ್ಕೆ ಕಾರಣ ಗ್ರೌಂಡ್ ಲೂಪ್: ಎರಡು ಉಪಕರಣಗಳು ಗೋಡೆಯ ಅರ್ಥ್ ಮೂಲಕವೂ ಆಡಿಯೊ ಕೇಬಲ್ಲಿನ ಶೀಲ್ಡ್ ಮೂಲಕವೂ ಎರಡೆರಡು ಸಲ ಕೂಡಿಕೊಂಡಿವೆ. ಮೊದಲು ಎಲ್ಲವನ್ನೂ ಒಂದೇ ಸಾಕೆಟ್ ಬೋರ್ಡಿನಿಂದ ನಡೆಸಿ. ಆಮೇಲೂ ಉಳಿದರೆ ಕಡಿಯಬೇಕಾದದ್ದು ಆಡಿಯೊ ಕೇಬಲ್ಲಿನ ಸಂಬಂಧವನ್ನು, ಗೋಡೆಯ ಅರ್ಥನ್ನಲ್ಲ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್‌ನ (ಗಿಟಾರಿಗೂ ರೆಕಾರ್ಡಿಂಗ್ ಉಪಕರಣಕ್ಕೂ ನಡುವೆ ಜೋಡಿಸುವ ಪುಟ್ಟ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಸ್ವಿಚ್ ಇರುವುದು ಇದಕ್ಕಾಗಿಯೇ. ಆ ಸ್ವಿಚ್ಚು ಸಿಗ್ನಲ್ಲಿನ ಗ್ರೌಂಡನ್ನು ಬಿಡಿಸುತ್ತದೆ, ಸುರಕ್ಷತೆಯ ಅರ್ಥನ್ನು ಮುಟ್ಟುವುದಿಲ್ಲ. ರಿಪೇರಿಯವರಿಗೆ ಈ ವ್ಯತ್ಯಾಸ ತಿಳಿದಿದ್ದರೆ ನಿಮಗೆ ಆ ಸಲಹೆ ಕೊಡುತ್ತಿರಲಿಲ್ಲ.

ಇಷ್ಟೆಲ್ಲ ಏಕೆ, ಸಾಫ್ಟ್‌ವೇರಿನಲ್ಲಿ ಆಮೇಲೆ ತೆಗೆಯಬಹುದಲ್ಲ ಎಂದು ಕೇಳುವವರಿಗೂ ಇಲ್ಲೇ ಉತ್ತರಿಸುತ್ತೇನೆ. ಗಿಟಾರಿನ ಅತಿ ಕೆಳಗಿನ ಇ ತಂತಿಯ ಆವರ್ತನ ಸುಮಾರು 82 ಹರ್ಟ್ಸ್. ಅದಕ್ಕಿಂತ ಕೆಳಗಿನದನ್ನು ಫಿಲ್ಟರಿನಿಂದ ಕತ್ತರಿಸಿದರೆ 50 ಹರ್ಟ್ಸ್ ಹೋಗುತ್ತದೆ, ಆದರೆ 100, 150, 250 ಹರ್ಟ್ಸ್‌ಗಳ ಅದರ ಸಂತತಿ ನಿಮ್ಮ ಸ್ವರಗಳ ನಡುವೆಯೇ ಉಳಿಯುತ್ತದೆ. ಡಿಸ್ಟಾರ್ಷನ್‌ಗಾಗಿ ಸಿಗ್ನಲ್ಲನ್ನು 40 ಡೆಸಿಬೆಲ್ ಏರಿಸಿದಾಗ ಸದ್ದೂ ನೂರು ಪಟ್ಟು ಏರುತ್ತದೆ. ಸದ್ದು ಒಂದು ಮಟ್ಟಕ್ಕಿಂತ ಇಳಿದಾಗ ಪೂರ್ತಿ ಮುಚ್ಚಿಬಿಡುವ ನಾಯ್ಸ್ ಗೇಟ್ ಅದನ್ನು ಸ್ವರಗಳ ನಡುವಿನ ಮೌನದಲ್ಲಿ ಮುಚ್ಚಿಡಬಲ್ಲದೇ ಹೊರತು, ಕ್ಷೀಣಿಸುತ್ತಿರುವ ಸ್ವರದ ಬಾಲವನ್ನೂ ಕತ್ತರಿಸದೆ ಬಿಡುವುದಿಲ್ಲ.

ಪ್ರಶ್ನೆ: ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಪಕ್ಕದ ಮನೆಗೆ ಸದ್ದು ಕೇಳುವುದಿಲ್ಲವೇ?

ಉತ್ತರ: ಕೇಳುತ್ತದೆ. ಜೊತೆಗೆ ಬೆಂಕಿ ಹತ್ತುವ ಸಾಮಗ್ರಿಯನ್ನು ಗೋಡೆ ತುಂಬ ಹರಡಿದಂತಾಗುತ್ತದೆ.

ಪ್ರಶ್ನೆ: 192 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಬೇಕೇ?

ಉತ್ತರ: ಬೇಡ. 48 ಕಿಲೋಹರ್ಟ್ಸ್, 24 ಬಿಟ್ ಸಾಕು.

ಪ್ರಶ್ನೆ: ನೇರವಾಗಿ ಇಂಟರ್‌ಫೇಸಿಗೆ ಚುಚ್ಚಿದರೆ ಗಿಟಾರಿನ ನಾದ ಮಂಕಾಗಿದೆ. ದುಬಾರಿ ಟೋನ್ ಕೆಪಾಸಿಟರ್ ಹಾಕಿಸಲೇ?

ಉತ್ತರ: ಕೆಪಾಸಿಟರಿಗೆ ಹಣ ಸುರಿಯಬೇಡಿ, ಒಂದೇ ಮೌಲ್ಯದ ಅಗ್ಗದ್ದೂ ದುಬಾರಿಯದೂ ಗಿಟಾರಿನೊಳಗೆ ಒಂದೇ ಕೆಲಸ ಮಾಡುತ್ತವೆ. ಇಂಟರ್‌ಫೇಸಿನ ‘ಇನ್‌ಸ್ಟ್ರುಮೆಂಟ್’ ಗುಂಡಿ ಒತ್ತಿಲ್ಲ, ಅಷ್ಟೇ. ಗಿಟಾರಿನ ಪಿಕಪ್ಪಿಗೆ ಸುಮಾರು ಹತ್ತು ಲಕ್ಷ ಓಮ್‌ನ ಇನ್‌ಪುಟ್ ಬೇಕು. ಹತ್ತು ಸಾವಿರ ಓಮ್‌ನ ಲೈನ್ ಇನ್‌ಪುಟ್ಟಿಗೆ ಚುಚ್ಚಿದರೆ ಮೇಲಿನ ಆವರ್ತನಗಳು ಅಲ್ಲೇ ಸಾಯುತ್ತವೆ.

ಪ್ರಶ್ನೆ: ಅಜ್ಜನ ಕಾಲದ ಬೀಟೆ ಹಲಗೆ ಮನೆಯಲ್ಲಿದೆ. ಅದರಿಂದ ಗಿಟಾರಿನ ಬಾಡಿ ಮಾಡಿದರೆ ನಾದ ಉತ್ತಮವಾಗುವುದೇ?

ಉತ್ತರ: ಭಾರ ಉತ್ತಮವಾಗುತ್ತದೆ, ಹೆಗಲು ನೋಯುತ್ತದೆ. ಗಟ್ಟಿ ಬಾಡಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್, ತಂತಿ, ಫ್ರೆಟ್ ಕೆಲಸ ಇವುಗಳ ಮುಂದೆ ಬಾಡಿಯ ಮರದ ಪಾತ್ರ ತೀರ ಚಿಕ್ಕದು, ಮರದ ಹೆಸರು ಹೇಳಿ ಬೆಲೆ ಏರಿಸುವವರ ಮಾತು ನಂಬಬೇಡಿ. ಜಗತ್ತಿನ ಗಿಟಾರ್ ತಯಾರಕರು ನಮ್ಮ ಬೀಟೆಯನ್ನು ಬಯಸುವುದು ಮುಖ್ಯವಾಗಿ ಫಿಂಗರ್‌ಬೋರ್ಡಿಗೆ ಮತ್ತು ಅಕೂಸ್ಟಿಕ್ ಗಿಟಾರುಗಳ ಹಿಂಬದಿ, ಪಕ್ಕಗಳಿಗೆ; ನಿಮ್ಮ ಹಲಗೆಯನ್ನೂ ಆರು ಮಿಲಿಮೀಟರ್ ದಪ್ಪಕ್ಕೆ ಸೀಳಿಸಿದರೆ ಹಲವು ಗಿಟಾರುಗಳಿಗೆ ಆದೀತು. ಹೊಸ ಮರ ಕಡಿಸುವ ಯೋಚನೆಯಿದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಂದುವರಿಯಬೇಡಿ. ಭಾರತದ ಬೀಟೆ 2017ರಿಂದ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ) ಒಪ್ಪಂದದ ಎರಡನೆಯ ಅನುಬಂಧದಲ್ಲಿದ್ದು, 2019ರಲ್ಲಿ ವಿನಾಯಿತಿ ಸಿಕ್ಕಿರುವುದು ಸಿದ್ಧ ವಾದ್ಯಗಳು, ಅವುಗಳ ಸಿದ್ಧ ಬಿಡಿಭಾಗಗಳಂಥವಕ್ಕೆ, ಹಲಗೆಗಲ್ಲ. ಹಲಗೆಯನ್ನು ವಿದೇಶದ ಗೆಳೆಯರಿಗೆ ಸುಮ್ಮನೆ ಕಳಿಸಲಾಗದು.

ಪ್ರಶ್ನೆ: ಗಮಕ ನುಡಿಸಲು ಫ್ರೆಟ್‌ಗಳನ್ನು ಕಿತ್ತುಬಿಡಲೇ?

ಉತ್ತರ: ಕೀಳಬೇಡಿ. ವೀಣೆಯಲ್ಲೂ ಮೆಟ್ಟಿಲುಗಳಿವೆ, ಗಮಕ ಹುಟ್ಟುವುದು ತಂತಿಯನ್ನು ಅವುಗಳ ಮೇಲೆ ಎಳೆಯುವುದರಿಂದ, ಯು. ಶ್ರೀನಿವಾಸ್ ಅವರ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿಗೂ ಫ್ರೆಟ್‌ಗಳಿದ್ದವು. ಬೇಕಿದ್ದರೆ ಫ್ರೆಟ್‌ಗಳ ನಡುವಿನ ಮರವನ್ನು ಸ್ವಲ್ಪ ಕುಳಿ ತೋಡಿ, ‘ಶಕ್ತಿ’ ತಂಡದಲ್ಲಿ ಜಾನ್ ಮೆಕ್‌ಲಾಫ್ಲಿನ್ ನುಡಿಸುತ್ತಿದ್ದ ಗಿಟಾರಿನ ಹಾಗೆ. ತೆಳು ತಂತಿ ಹಾಕಿ, ಶ್ರುತಿ ತುಸು ಇಳಿಸಿ. ಕುಳಿ ಒಂದೂವರೆ ಮಿಲಿಮೀಟರಿಗಿಂತ ಆಳವಾಗದಿರಲಿ, ಅದನ್ನು ಮೊದಲು ಮೇಲಿನ ನಾಲ್ಕೈದು ಫ್ರೆಟ್‌ಗಳ ನಡುವೆ ಮಾತ್ರ ತೋಡಿ ಕೆಲವು ವಾರ ನುಡಿಸಿ ನೋಡಿ, ಕೈಗೆ ಒಗ್ಗಿದರೆ ಉಳಿದದ್ದಕ್ಕೆ ಅರ ಹಾಕಿ.